ಹೊಳೆಗೆ ಬಿದ್ದ ಫ್ರೆಂಚ್ ಅಗುಳಿ

ಗದ್ವಾಲ ಸೀಮೆಯ ಶಾಂತಿನಗರದ ಹೊಲಗಳಿಗೆ ಕಾಲುವೆ ನೀರು ಬರಬೇಕಾದದ್ದು ರಾಜೋಳಿಬಂಡಾದಿಂದ. ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಅಡ್ಡಲಾಗಿ ನಿಂತಿರುವ ಆ ಕಟ್ಟಡವನ್ನು ಸರ್ಕಾರಿ ಕಡತಗಳು ‘ಆನಿಕಟ್’ ಎನ್ನುತ್ತವೆ. ಅದೇ ಹೊಳೆಯ ಗುಂಟ ಕೆಳಗೆ ಇಳಿದರೆ, ಶಾಂತಿನಗರಕ್ಕೆ ಹತ್ತಿರದ ಸುಂಕೇಸುಲದಲ್ಲಿ ಇನ್ನೊಂದು ಕಟ್ಟಡವಿದೆ. ಅದನ್ನು ಅವೇ ಕಡತಗಳು ‘ಬ್ಯಾರೇಜ್’ ಎನ್ನುತ್ತವೆ. ಎರಡೂ ಇಂಗ್ಲಿಷ್ ನಿಘಂಟಿನಲ್ಲಿರುವ ಮಾತುಗಳು. ಎರಡನ್ನೂ ಇಂಗ್ಲಿಷ್ ಸಾಲ ತಂದದ್ದು. ಬ್ಯಾರೇಜನ್ನು ಫ್ರೆಂಚರಿಂದ ತಂದಿತು, ಆನಿಕಟ್ಟನ್ನು ನಮ್ಮಿಂದ.

ಕಲ್ಯಾಣ ಕರ್ನಾಟಕದಲ್ಲಿ, ಗಡಿಯಾಚೆಯ ಮಕ್ತಲ್, ನಾರಾಯಣಪೇಟೆಯ ಕನ್ನಡದ ಹಳ್ಳಿಗಳಲ್ಲಿ ಬ್ಯಾರೇಜ್ ಈಗ ಪರಭಾಷೆಯ ಮಾತಾಗಿ ಉಳಿದಿಲ್ಲ. ಮಳೆಗಾಲ ಹತ್ತಿದರೆ ಸೊನ್ನ ಬ್ಯಾರೇಜಿನಿಂದ ಭೀಮೆಗೆ ಇಷ್ಟು ಕ್ಯುಸೆಕ್ ನೀರು ಬಿಟ್ಟರು ಎಂಬ ಸುದ್ದಿ ದಿನಾ ಪತ್ರಿಕೆಯಲ್ಲಿರುತ್ತದೆ. ‘ಬ್ಯಾರೇಜ್ ಬಿಟ್ಟಾರಂತ, ಹೊಳಿ ಕಡಿ ದನ ಹೊಡೀಬ್ಯಾಡ್ರಿ’ ಎಂದು ಹೊಳೆದಂಡೆಯ ಮಂದಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ರಾಯಚೂರಿನ ಗುರ್ಜಾಪುರ, ಬಾಗಲಕೋಟೆ ಕಡೆಯ ಹಿಪ್ಪರಗಿ, ಗಲಗಲಿ ಎಲ್ಲ ಊರುಗಳೂ ಈಗ ಬ್ಯಾರೇಜಿನೊಂದಿಗೇ ನೆನಪಾಗುವ ಹೆಸರುಗಳು. ಆದರೆ ಡ್ಯಾಂ, ಆನಿಕಟ್, ಬ್ಯಾರೇಜ್ ಎಲ್ಲ ಒಂದೇ ಎಂಬಂತೆ ನಾವು ಬಳಸುತ್ತೇವೆ. ಅವು ಒಂದೇ ಅಲ್ಲ. ನಮ್ಮ ನೀರಿನ ಜಗಳಗಳ ಅರ್ಧ ಗೊಂದಲ ಈ ವ್ಯತ್ಯಾಸದಲ್ಲೇ ಇದೆ.

ಮೊದಲು ಮಾತಿನ ಮೂಲ ನೋಡೋಣ. ಫ್ರೆಂಚಿನಲ್ಲಿ ‘ಬಾರ್’ ಎಂದರೆ ಅಡ್ಡಗೋಲು. ಬಾಗಿಲ ಹಿಂದೆ ಸರಿಸುವ ನಮ್ಮ ಅಗುಳಿ. ಅದರಿಂದ ಹುಟ್ಟಿದ ಕ್ರಿಯಾಪದ ‘ಬಾರೆ’, ಅಂದರೆ ಅಗುಳಿ ಹಾಕು, ದಾರಿ ಕಟ್ಟು. ಅದಕ್ಕೆ ‘ಆಜ್’ ಪ್ರತ್ಯಯ ಸೇರಿದರೆ ‘ಬರಾಜ್’: ಅಡ್ಡಹಾಕುವ ಕೆಲಸ, ಅಡ್ಡಹಾಕಿದ ವಸ್ತು. ಫ್ರಾನ್ಸಿನಲ್ಲಿ ಇವತ್ತಿಗೂ ಈ ಮಾತಿಗೆ ನೀರಿನ ಹಂಗಿಲ್ಲ. ಪೊಲೀಸರು ರಸ್ತೆಗೆ ಹಾಕುವ ತಡೆಯೂ ಬರಾಜ್. ಫುಟ್‌ಬಾಲ್ ಲೀಗಿನಲ್ಲಿ ಯಾರು ಮೇಲಿನ ದರ್ಜೆಯಲ್ಲಿ ಉಳಿಯಬೇಕೆಂದು ತೀರ್ಮಾನಿಸುವ ಪಂದ್ಯವೂ ಬರಾಜ್. ಚುನಾವಣೆಯ ಎರಡನೇ ಸುತ್ತಿನಲ್ಲಿ, ತಮಗೆ ಬೇಡವಾದ ಪಕ್ಷ ಗೆಲ್ಲದಂತೆ ಉಳಿದವರೆಲ್ಲ ಸೇರಿ ಇನ್ನೊಬ್ಬರಿಗೆ ಮತ ಹಾಕುವುದಕ್ಕೂ ಅಲ್ಲಿ ‘ಬರಾಜ್ ಮಾಡುವುದು’ ಎಂದೇ ಹೇಳುತ್ತಾರೆ.

‘ಆಜ್’ ಪ್ರತ್ಯಯದ ಮಾತುಗಳು ಇಂಗ್ಲಿಷಿಗೆ ಎರಡು ಕಂತಿನಲ್ಲಿ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ವಿಲೇಜ್, ಮ್ಯಾರೇಜ್‌ನಂಥವು ಬಂದವು. ಬಹುಕಾಲ ಬಾಯಲ್ಲಿ ಸವೆದು ಅವುಗಳ ಕೊನೆ ‘ಇಜ್’ ಆಯಿತು. ಗ್ಯಾರೇಜ್, ಮಸಾಜ್, ಬ್ಯಾರೇಜ್ ಬಂದದ್ದು ತಡವಾಗಿ. ಹಾಗಾಗಿ ಇಂಗ್ಲಿಷರ ಬಾಯಲ್ಲಿ ಅವಕ್ಕೆ ಇನ್ನೂ ಫ್ರೆಂಚ್ ರಾಗ ಉಳಿದಿದೆ. ಕನ್ನಡಕ್ಕೆ ಈ ಭೇದ ಬೇಕಿಲ್ಲ. ನಮ್ಮಲ್ಲಿ ಮ್ಯಾರೇಜ್, ಗ್ಯಾರೇಜ್, ಬ್ಯಾರೇಜ್ ಮೂರಕ್ಕೂ ಒಂದೇ ಪ್ರಾಸ. ಲಂಡನ್ನಿನಲ್ಲಿ ಕೂಡದ ಪ್ರಾಸ ಲಿಂಗಸುಗೂರಿನಲ್ಲಿ ಸಲೀಸಾಗಿ ಕೂಡುತ್ತದೆ.

ಅಗುಳಿಯ ಬಳಗ ದೊಡ್ಡದು. ಕೋರ್ಟಿನಲ್ಲಿ ನ್ಯಾಯಾಧೀಶರ ಪೀಠಕ್ಕೂ ಉಳಿದವರಿಗೂ ನಡುವೆ ಇದ್ದ ಕಟಕಟೆಯ ಅಡ್ಡಪಟ್ಟಿಯೇ ‘ಬಾರ್’. ಅದರ ಹತ್ತಿರ ನಿಂತು ವಾದಿಸುವ ಹಕ್ಕುಳ್ಳವನು ಬ್ಯಾರಿಸ್ಟರ್. ಹೆಂಡದಂಗಡಿಯಲ್ಲಿ ಗಿರಾಕಿಗೂ ಬಾಟಲಿಗೂ ನಡುವೆ ಇದ್ದ ಅಡ್ಡಕಟ್ಟೆಯೂ ‘ಬಾರ್’. ಜಿಲ್ಲಾ ಕೇಂದ್ರಗಳ ಬಾರ್ ಅಸೋಸಿಯೇಷನ್ನಿಗೂ ಅದರ ಎದುರಿನ ಬಾರ್ ಅಂಡ್ ರೆಸ್ಟೋರೆಂಟಿಗೂ ಹೆಸರು ಬಂದದ್ದು ಒಂದೇ ತುಂಡು ಮರದಿಂದ. ಬ್ಯಾರಿಯರ್ ಕೂಡ ಇದೇ ಮನೆಯದು. ಬ್ಯಾರಿಕೇಡ್ ಮಾತ್ರ ನೋಡಲು ಸಂಬಂಧಿಯಂತಿದ್ದರೂ ಬೇರೆ ದಾರಿಯಿಂದ ಬಂದದ್ದು. ಅದರ ಮೂಲ ‘ಬಾರಿಕ್’, ಅಂದರೆ ಪೀಪಾಯಿ. ಪ್ಯಾರಿಸ್ಸಿನ ಜನ 1588ರ ದಂಗೆಯಲ್ಲಿ ಪೀಪಾಯಿಗಳಿಗೆ ಮಣ್ಣು, ಕಲ್ಲು ತುಂಬಿ ಬೀದಿಗೆ ಅಡ್ಡ ಉರುಳಿಸಿದ್ದರು.

ಹೊಳೆಗೆ ಹಾಕುವ ಅಗುಳಿ ಎಂಬ ಅರ್ಥದಲ್ಲಿ ಬ್ಯಾರೇಜ್ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 1859ರ ಹೊತ್ತಿಗೆ. ಆ ಕಾಲದಲ್ಲಿ ಈ ಹೆಸರನ್ನು ಎಲ್ಲರ ಕಿವಿಗೆ ಹಾಕಿದ್ದು ಫ್ರಾನ್ಸಿನ ನದಿಯಲ್ಲ, ಈಜಿಪ್ಟಿನ ನೈಲ್. ಅಲ್ಲಿನ ಆಡಳಿತಗಾರ ಮೊಹಮ್ಮದ್ ಅಲಿ ಪಾಷಾ ಹತ್ತಿಯ ಬೆಳೆಗೆ ಬೇಸಿಗೆಯಲ್ಲೂ ನೀರು ಬೇಕೆಂದು, ನೈಲ್ ಎರಡಾಗಿ ಸೀಳುವ ಜಾಗದಲ್ಲಿ ಕವಲಿಗೊಂದರಂತೆ ಗೇಟುಗಳ ಸಾಲು ಕಟ್ಟಿಸಲು ಹೊರಟ. ಎಂಜಿನಿಯರುಗಳು ಫ್ರೆಂಚರು. ಪಿರಮಿಡ್ ಕಿತ್ತು ಕಲ್ಲು ತನ್ನಿ ಎಂದು ಪಾಷಾ ಅಪ್ಪಣೆ ಕೊಟ್ಟಾಗ ಮೊದಲ ಎಂಜಿನಿಯರ್ ಲಿನಾನ್ ದ ಬೆಲ್‌ಫೋನ್ ನೇರವಾಗಿ ಬೇಡ ಎನ್ನಲಿಲ್ಲವಂತೆ. ಪಿರಮಿಡ್ ಕೀಳುವುದಕ್ಕಿಂತ ಹೊಸ ಗಣಿಯಿಂದ ಕಲ್ಲು ತರುವುದು ಅಗ್ಗ ಎಂದು ಲೆಕ್ಕ ಹಾಕಿ ತೋರಿಸಿದನಂತೆ. ಮುಂದೆ ಮೂಜೆಲ್ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಹೊಸ ನಕ್ಷೆ ಮಾಡಿದ. 1860ರ ದಶಕದ ಆರಂಭಕ್ಕೆ ಕಟ್ಟಡ ಎದ್ದು ನಿಂತಿತು. ಗೇಟು ಹಾಕಿ ನೀರು ನಿಲ್ಲಿಸಿದರೆ ಬಿರುಕು ಬಿಡತೊಡಗಿತು. ಅದನ್ನು 1880ರ ದಶಕದಲ್ಲಿ ಸರಿಮಾಡಿದವನು ಕಾಲಿನ್ ಸ್ಕಾಟ್ ಮಾನ್‌ಕ್ರೀಫ್. ಅವನು ಪಳಗಿದ್ದು ಭಾರತದ ಕಾಲುವೆಗಳಲ್ಲಿ. ಗಂಗೆಯಿಂದ ವಿದ್ಯೆ ನೈಲ್‌ಗೆ ಹೋಯಿತು. ನೈಲ್‌ನಲ್ಲಿ ಬೇರುಬಿಟ್ಟ ಫ್ರೆಂಚ್ ಹೆಸರು ಎಂಜಿನಿಯರುಗಳ ಪುಸ್ತಕಗಳ ಮೂಲಕ ಭಾರತದ ನದಿಗಳಿಗೆ ಬಂತು. ಸಿಂಧೂ ನದಿಗೆ 1923ರಿಂದ 1932ರವರೆಗೆ ಸುಕ್ಕೂರಿನಲ್ಲಿ ಕಟ್ಟಿದ್ದು ಬ್ಯಾರೇಜೇ.

ಅದಕ್ಕೂ ಮೊದಲು ದಕ್ಷಿಣದಲ್ಲಿ ಇಂಗ್ಲಿಷರಿಗೆ ಫ್ರೆಂಚ್ ಸಾಲ ಬೇಕಿರಲಿಲ್ಲ. ಕಾವೇರಿ ಮುಖಜಭೂಮಿಗೆ ಬಂದವರು ಅಲ್ಲಿನ ಕಲ್ಲಣೆಯನ್ನು ನೋಡಿದರು. ಹೊಳೆಗೆ ಅಡ್ಡಲಾಗಿ ಕಟ್ಟಿ, ನೀರನ್ನು ಪೂರ್ತಿ ತಡೆಯದೆ ಕೊಂಚ ಮೇಲೆತ್ತಿ ಕಾಲುವೆಗೆ ತಿರುಗಿಸುವ ಈ ವಿದ್ಯೆಗೆ ತಮಿಳರು ‘ಅಣೈಕಟ್ಟು’ ಎನ್ನುತ್ತಿದ್ದರು, ಕನ್ನಡಿಗರು ‘ಅಣೆಕಟ್ಟು’ ಎನ್ನುತ್ತಿದ್ದರು. ಇಂಗ್ಲಿಷರ ಬಾಯಲ್ಲಿ ಅದು ಆನಿಕಟ್ ಆಯಿತು. ತುಳುವರ ಭೂತಾರಾಧನೆಯ ಬಗ್ಗೆ ಬರೆದ ಬರ್ನೆಲ್ ಮತ್ತು ಹೆನ್ರಿ ಯೂಲ್ ಸೇರಿ 1886ರಲ್ಲಿ ತಂದ ‘ಹಾಬ್ಸನ್ ಜಾಬ್ಸನ್’ ನಿಘಂಟಿನಲ್ಲಿ ಈ ಮಾತಿಗೆ ನಮೂದಿದೆ. ನೀರು ಉಣ್ಣುವ ಭೂಮಿಗೆ ನಾವು ‘ಅಚ್ಚುಕಟ್ಟು’ ಎನ್ನುತ್ತೇವೆ; ತಮಿಳರೆನ್ನುವ ‘ಆಯಕ್ಕಟ್ಟು’ ಕೂಡ ‘ಅಯಕಟ್’ ಆಗಿ ನೀರಾವರಿ ಇಲಾಖೆಯ ಇಂಗ್ಲಿಷಿಗೆ ಸೇರಿಹೋಯಿತು. ಹಂಪಿಯ ಗದ್ದೆಗಳಿಗೆ ಇವತ್ತಿಗೂ ನೀರು ಕೊಡುವ ತುರುತ್ತು ಅಣೆಕಟ್ಟು ಇದೇ ಜಾತಿಯದು.

ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಈ ನಾಡವಿದ್ಯೆಯನ್ನೇ ದೊಡ್ಡದು ಮಾಡಿದ. ಅವನ ಕಾಲದಲ್ಲಿ ಗೋದಾವರಿಗೆ ಧವಳೇಶ್ವರದಲ್ಲಿ (1847ರಿಂದ 1852), ಕೃಷ್ಣೆಗೆ ಈಗಿನ ವಿಜಯವಾಡವಾದ ಬೆಜವಾಡದಲ್ಲಿ (1852ರಿಂದ 1855) ಆನಿಕಟ್ಟುಗಳು ಎದ್ದವು. ತುಂಗಭದ್ರೆಗೆ ಸುಂಕೇಸುಲದಲ್ಲಿ 1860ರ ದಶಕದಲ್ಲಿ ಆನಿಕಟ್ ಬಂತು. ಕರ್ನೂಲು–ಕಡಪ ಕಾಲುವೆಗಾಗಿ ಅದನ್ನು ಕಟ್ಟಿದ್ದು ಮದ್ರಾಸ್ ನೀರಾವರಿ ಕಂಪನಿ. ಲಾಭಕ್ಕೆಂದು ಹುಟ್ಟಿದ ಆ ಖಾಸಗಿ ಕಂಪನಿ ನಷ್ಟದಲ್ಲಿ ಮುಳುಗಿ, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ಈ ಮೂರೂ ಜಾಗಗಳಲ್ಲಿ ಆಮೇಲೆ ನಡೆದದ್ದು ಒಂದೇ ಕಥೆ. ಬೆಜವಾಡದ ಆನಿಕಟ್ ಹೋಗಿ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಧವಳೇಶ್ವರದಲ್ಲಿ ಹಳೆಯದರ ಬದಲು ಕಾಟನ್ ಹೆಸರಿನದೇ ಬ್ಯಾರೇಜ್ ಬಂತು. ಸುಂಕೇಸುಲದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಕೋಟ್ಲ ವಿಜಯಭಾಸ್ಕರ ರೆಡ್ಡಿ ಅವರ ಹೆಸರಿನ ಬ್ಯಾರೇಜ್ ಬಂತು. ನಮ್ಮ ಮಾತು ಇದ್ದ ಕಡೆಯೆಲ್ಲ ಫ್ರೆಂಚ್ ಮಾತು ಬಂದು ಕೂತಿತು. ಇದು ಬರೀ ಫಲಕ ಬದಲಿಸಿದ್ದಲ್ಲ, ಕಟ್ಟಡದ ಗುಣವೇ ಬದಲಾಗಿತ್ತು.

ಆನಿಕಟ್ ಎಂದರೆ ಗೋಡೆ. ಅದರ ಎತ್ತರ ಎಷ್ಟೋ ಅಷ್ಟು ನೀರು ನಿಲ್ಲುತ್ತದೆ. ಉಳಿದದ್ದು ತಲೆಯ ಮೇಲಿಂದ ಧುಮುಕಿ ಮುಂದೆ ಹೋಗುತ್ತದೆ. ಹೂಳು ಕಳೆಯಲು ಒಂದೆರಡು ಕಡೆ ತೂಬುಗಳಿರಬಹುದು, ಆದರೆ ಪಾಲು ಹಂಚುವುದು ಮುಖ್ಯವಾಗಿ ಗೋಡೆಯ ಎತ್ತರವೇ. ಬ್ಯಾರೇಜಿನಲ್ಲಿ ಗೋಡೆ ಹೆಸರಿಗಷ್ಟೇ. ತಳದಲ್ಲಿ ತಗ್ಗಾದ ಹಾಸು, ಅದರ ಮೇಲೆ ಕಂಬಗಳ ಸಾಲು, ಕಂಬ ಕಂಬದ ನಡುವೆ ಕಬ್ಬಿಣದ ಗೇಟು. ಗೇಟು ಇಳಿಸಿದರೆ ನೀರು ಏರುತ್ತದೆ, ಎತ್ತಿದರೆ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಡ್ಯಾಂ ಇವೆರಡೂ ಅಲ್ಲ. ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಕೂಡಿಡುವುದು ಅದರ ಕೆಲಸ. ಡ್ಯಾಮಿನದು ಕೂಡಿಡುವ ಕೆಲಸವಾದರೆ, ಬ್ಯಾರೇಜಿನದು ನೀರಿನ ಮಟ್ಟ ಕಾಯ್ದು ತಿರುಗಿಸುವ ಕೆಲಸ. ಬಹಳಷ್ಟು ಬ್ಯಾರೇಜುಗಳು ಬಂಡೆಯ ಮೇಲಲ್ಲ, ಹೊಳೆಯ ಮರಳಿನ ಮೇಲೆಯೇ ನಿಂತಿರುತ್ತವೆ. ಅವು ಹೊರಬಲ್ಲ ನೀರಿನ ಭಾರಕ್ಕೂ ಮಿತಿಯಿದೆ.

ಕನ್ನಡದಲ್ಲಿ ಬ್ಯಾರೇಜಿಗೆ ಹೆಸರಿಲ್ಲ ಎಂದುಕೊಂಡವರು ಕರಾವಳಿಗೆ ಹೋಗಬೇಕು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ತೋಟಗಾರರು ಇದೇ ಬಗೆಯ ಸಣ್ಣ ಕಟ್ಟಡಕ್ಕೆ ‘ಕಿಂಡಿ ಅಣೆಕಟ್ಟು’ ಎನ್ನುತ್ತಾರೆ. ಅಲ್ಲಿನ ಹೊಳೆಗಳಲ್ಲಿ ಕಾಂಕ್ರೀಟಿನ ಕಂಬಗಳು, ಕಂಬದ ಮೈಯಲ್ಲಿ ಮೇಲಿಂದ ಕೆಳಗಿನವರೆಗೆ ಕೊರೆದ ಕಚ್ಚುಗಳು. ನವೆಂಬರ್, ಡಿಸೆಂಬರಿನಲ್ಲಿ ಹರಿವು ಇಳಿದ ಮೇಲೆ ಊರವರು ಸೇರಿ ಆ ಕಚ್ಚುಗಳಿಗೆ ಒಂದರ ಮೇಲೊಂದು ಹಲಗೆ ಇಳಿಸುತ್ತಾರೆ. ಎರಡು ಸಾಲು ಹಲಗೆ ನಿಲ್ಲಿಸಿ, ನಡುವೆ ಮಣ್ಣು ಹಾಕಿ ತುಳಿದು ಗಟ್ಟಿಮಾಡುವುದು ಹಳೆಯ ಕ್ರಮ. ಮರದ ಹಲಗೆ ಕೊಳೆಯುತ್ತದೆಂದು ಈಗ ಫೈಬರಿನವು ಬಂದಿವೆ. ನೀರು ಕಂಬದ ಅರ್ಧಕ್ಕೆ ಏರಿದರೆ ಸುತ್ತಲಿನ ಬಾವಿಗಳಲ್ಲಿ ಒರತೆ ಏರುತ್ತದೆ, ಅಡಿಕೆ ತೋಟಕ್ಕೆ ಬೇಸಿಗೆ ದಾಟುತ್ತದೆ. ಮುಂಗಾರಿಗೆ ಮುಂಚೆ ಹಲಗೆಗಳನ್ನೆಲ್ಲ ಕಿತ್ತು ಶೆಡ್ಡಿಗೆ ಸೇರಿಸಬೇಕು. ಒಂದು ವಾರ ತಡವಾಗಿ ಮಳೆಯೇ ಮೊದಲು ಬಂದರೆ, ತೇಲಿಬಂದ ಮರದ ದಿಮ್ಮಿ ಸಿಕ್ಕಿಕೊಂಡು ನೀರು ಪಕ್ಕದ ತೋಟಕ್ಕೆ ನುಗ್ಗಿದಂತೆಯೇ. ಬಯಲುಸೀಮೆಯ ಕಲಬುರಗಿ, ವಿಜಯಪುರದ ಕಡೆ ಇದೇ ತತ್ವದ ‘ಕೋಲ್ಹಾಪುರ ಮಾದರಿ’ ಬಾಂದಾರಗಳಿವೆ.

ಕರಾವಳಿಯವರು ಇಟ್ಟ ಹೆಸರನ್ನು ಇನ್ನೊಮ್ಮೆ ನೋಡಿ. ಫ್ರೆಂಚರಿಗೆ ಆ ಕಟ್ಟಡದಲ್ಲಿ ಕಂಡದ್ದು ಅಗುಳಿ. ನಮ್ಮವರಿಗೆ ಕಂಡದ್ದು ಕಿಂಡಿ. ಕಟ್ಟಡದ ಕೆಲಸವನ್ನು ಕನ್ನಡದ ಹೆಸರೇ ಹೆಚ್ಚು ಸರಿಯಾಗಿ ಹೇಳುತ್ತದೆ. ಗೋಡೆ ಕಟ್ಟಿ ಹೊಳೆಯನ್ನು ತಡೆಯಲು ಯಾವ ಎಂಜಿನಿಯರ್ ಆದರೂ ಸಾಕು. ಕಿಂಡಿಯನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದಕ್ಕೆ ಊರೇ ಕೂತು ಮಾತಾಡಬೇಕು.

ಫ್ರೆಂಚ್ ಮಾತಿನ ಇನ್ನೊಂದು ಅವತಾರ ಯುದ್ಧಭೂಮಿಯಲ್ಲಿ ಆಯಿತು. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಹಿಂದಿನಿಂದ ನೆರವಿನ ಪಡೆ ಬಾರದಂತೆ ಫಿರಂಗಿಗಳ ಸಾಲಿನಿಂದ ಗುಂಡು ಸುರಿಸಿ, ನೆಲದ ಮೇಲೆ ಬೆಂಕಿಯ ಬೇಲಿ ಹಾಕುತ್ತಿದ್ದರು. ಫ್ರೆಂಚ್ ಸೈನಿಕರು ಅದಕ್ಕೆ ‘ತೀರ್ ದ ಬರಾಜ್’ ಎಂದರು, ಅಂದರೆ ಅಡ್ಡಗಟ್ಟುವ ಗುಂಡುಹಾರಾಟ. ಪಕ್ಕದಲ್ಲೇ ಕಾದುತ್ತಿದ್ದ ಇಂಗ್ಲಿಷರು 1916ರ ಹೊತ್ತಿಗೆ ಅದನ್ನು ಬರೀ ‘ಬ್ಯಾರೇಜ್’ ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಬೇಲಿ ಮರೆತುಹೋಗಿ ಗುಂಡಿನ ಸುರಿತ ಮಾತ್ರ ನೆನಪಿನಲ್ಲಿ ಉಳಿಯಿತು. ಹೀಗೆ ಪತ್ರಿಕಾಗೋಷ್ಠಿಯಲ್ಲಿ ಮಂತ್ರಿಗಳ ಮೇಲೆ ಬೀಳುವ ಪ್ರಶ್ನೆಗಳೂ ಇಂಗ್ಲಿಷಿನಲ್ಲಿ ಬ್ಯಾರೇಜ್ ಆದವು. ಹರಿವನ್ನು ತಡೆಯುವ ವಸ್ತುವಿನ ಹೆಸರು ತಡೆಯಿಲ್ಲದ ಹರಿವಿಗೇ ಹೆಸರಾಯಿತು. ಕನ್ನಡ ಪತ್ರಿಕೆಗಳು ಇಲ್ಲಿ ಫ್ರೆಂಚರ ಹಂಗಿಗೆ ಬಿದ್ದಿಲ್ಲ. ನಮ್ಮಲ್ಲಿ ಪ್ರಶ್ನೆಗಳದು ಸುರಿಮಳೆ. ಮಳೆಗೆ ಕಾದು ಕೂರುವ ನಾಡಿನವರು ಧಾರಾಳವಾಗಿ ಬೀಳುವುದಕ್ಕೆಲ್ಲ ಮಳೆಯ ಹೆಸರೇ ಇಡುತ್ತಾರೆ, ಅದು ಬೈಗುಳವೇ ಆಗಿರಲಿ.

ಮತ್ತೆ ಶಾಂತಿನಗರದ ಕಡೆಗೆ ಬರೋಣ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ತೆಲುಗಿನಲ್ಲಿ ‘ನಡಿಗಡ್ಡ’ ಎಂಬ ಹೆಸರಿದೆ. ನಮ್ಮ ನಡುಗಡ್ಡೆಯ ತಂಗಿ. ಗದ್ವಾಲ, ಐಜ, ಆಲಂಪುರ ಎಲ್ಲ ಇದರೊಳಗಿನ ಊರುಗಳು. ಎರಡು ಮಹಾನದಿಗಳ ಮಧ್ಯೆ ಕೂತೂ ಬರ ಕಂಡ ಸೀಮೆ ಇದು. ನಿಜಾಮರ ಕಾಲದ ಕೊನೆಯಲ್ಲಿ, 1946ರಲ್ಲಿ, ಕೆಲಸ ಶುರುವಾದ ರಾಜೋಳಿಬಂಡಾ ತಿರುವು ಯೋಜನೆಯ ಕಾಲುವೆ 143 ಕಿ.ಮೀ. ಉದ್ದ. ಮೊದಲ 42 ಕಿ.ಮೀ. ಕರ್ನಾಟಕದ ನೆಲ, ಮುಂದಿನದು ತೆಲಂಗಾಣ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನಲ್ಲಿ ಈ ಯೋಜನೆಗೆ 17.1 ಟಿಎಂಸಿ ಅಡಿ ನೀರು. ಅದರಲ್ಲಿ 1.2 ಕರ್ನಾಟಕಕ್ಕೆ, 15.9 ಈಗಿನ ತೆಲಂಗಾಣದ ಪಾಲಿಗೆ. ಅಚ್ಚುಕಟ್ಟು ಕರ್ನಾಟಕದಲ್ಲಿ ಆರು ಸಾವಿರ ಎಕರೆಗೂ ಕಡಿಮೆ, ಆ ಕಡೆ 87,500 ಎಕರೆ. ಬಾಯಿ ಒಂದು ರಾಜ್ಯದಲ್ಲಿ, ಹೊಟ್ಟೆ ಇನ್ನೊಂದರಲ್ಲಿ. ಕಾಗದದ ಮೇಲಿನ ಈ ಪಾಲು ಕಾಲುವೆಯ ಕೊನೆಗೆ ಪೂರ್ತಿ ತಲುಪುವುದಿಲ್ಲ ಎಂಬುದು ಟೇಲೆಂಡ್ ರೈತರ ದಶಕಗಳ ದೂರು.

ರಾಜೋಳಿಬಂಡಾ ಆನಿಕಟ್ ಆದ್ದರಿಂದ ಅಲ್ಲಿಯ ಜಗಳವೂ ಆನಿಕಟ್ಟಿನ ಜಗಳವೇ. ಗೋಡೆಯನ್ನು ಅರ್ಧ ಅಡಿಯಷ್ಟು ಏರಿಸಿದರೆ ಕಾಲುವೆಗೆ ನೀರು ಹತ್ತುತ್ತದೆ ಎನ್ನುತ್ತಾರೆ ಗದ್ವಾಲದ ಕಡೆಯವರು. ಏರಿಸಿದರೆ ಕೆಳಗಿನ ನಮ್ಮ ಪಾಲು ಹೋಗುತ್ತದೆ ಎನ್ನುತ್ತಾರೆ ಕರ್ನೂಲಿನ ಕಡೆಯವರು. ಅರ್ಧ ಅಡಿ ಗೋಡೆಗೆ ಮೂರು ರಾಜ್ಯಗಳ ಫೈಲು. ಸುಂಕೇಸುಲ ಬ್ಯಾರೇಜ್ ಆದ್ದರಿಂದ ಅಲ್ಲಿ ಯಾರೂ ಎತ್ತರದ ಮಾತಾಡುವುದಿಲ್ಲ. ಗೇಟು ಇಳಿಸಿದರೋ ಎತ್ತಿದರೋ ಎಂಬುದೇ ಮಾತು. 2009ರ ಅಕ್ಟೋಬರಿನ ಮಹಾಪೂರದಲ್ಲಿ ತುಂಗಭದ್ರೆ ಈ ಬ್ಯಾರೇಜನ್ನೇ ಮೀರಿ ಹರಿದು, ಕರ್ನೂಲು ನಗರ, ರಾಜೋಳಿ, ಆಲಂಪುರ ನೀರಿನಲ್ಲಿ ನಿಂತದ್ದನ್ನು ಈ ದಂಡೆಯವರು ಮರೆತಿಲ್ಲ. ಅದಾದ ಮೇಲೆ ಗೇಟಿನ ಸುದ್ದಿ ಎಂದರೆ ಬೆಳೆಯ ಸುದ್ದಿಯಷ್ಟೇ ಅಲ್ಲ, ಮನೆಯ ಸುದ್ದಿಯೂ ಹೌದು.

ಒಂದು ಗೇಟಿನ ಬೆಲೆ ಎಷ್ಟೆಂದು ಹೊಸಪೇಟೆಯ ತುಂಗಭದ್ರಾ ಜಲಾಶಯ ತೋರಿಸಿಕೊಟ್ಟಿತು. ಅಲ್ಲಿರುವುದು 33 ಗೇಟುಗಳು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ಉಕ್ಕಿನ ತಡೆ ಇಳಿಸಿ ಆ ಬಾಯಿ ಮುಚ್ಚಲು ಒಂದು ವಾರ ಹಿಡಿಯಿತು. ಆ ವಾರ ಗಂಗಾವತಿಯಿಂದ ಗದ್ವಾಲದವರೆಗೆ ರೈತರು ಮಾತಾಡಿದ್ದು ಒಂದು ಚೈನಿನ ಬಗ್ಗೆ.

ಹೆಸರಿನ ಗೊಂದಲಕ್ಕೆ ದುಬಾರಿ ಬೆಲೆ ತೆತ್ತ ಉದಾಹರಣೆಯೂ ತೆಲಂಗಾಣದಲ್ಲೇ ಇದೆ. ಗೋದಾವರಿಯ ಮೇಡಿಗಡ್ಡ ಬ್ಯಾರೇಜ್ 2019ರಲ್ಲಿ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ 16 ಟಿಎಂಸಿ ಅಡಿಗೂ ಮೇಲೆ. 2023ರ ಅಕ್ಟೋಬರಿನಲ್ಲಿ ಅದರ ಏಳನೇ ಭಾಗದ ಕಂಬಗಳು ಕುಸಿದವು. ತನಿಖೆ, ವಾದ, ರಾಜಕೀಯ ಎಲ್ಲ ಸೇರಿ ದೊಡ್ಡ ಕಥೆ ಅದು. ತಜ್ಞರ ಟೀಕೆಗಳ ನಡುವೆ ಎದ್ದು ಕೇಳಿದ ಒಂದು ಮಾತು ಮಾತ್ರ ಈ ಅಂಕಣಕ್ಕೆ ನೇರವಾಗಿ ಸಂಬಂಧಿಸಿದ್ದು: ಬ್ಯಾರೇಜ್ ಎಂದು ಕಟ್ಟಿ, ಡ್ಯಾಮಿನಂತೆ ನೀರು ತುಂಬಿಸಿ ಇಟ್ಟರು. ನೀರಿನ ಮಟ್ಟ ಕಾಯಲು ಕಟ್ಟಿದ್ದರ ಮೇಲೆ ಕೂಡಿಡುವ ಹೊರೆ ಹೊರಿಸಿದರು ಎಂಬುದು ಅದರ ಸಾರ.

ಹಾಗಾಗಿ ಪತ್ರಿಕೆಯಲ್ಲಿ ನೀರಿನ ಸುದ್ದಿ ಓದುವಾಗ ಮೊದಲು ಕಟ್ಟಡದ ಜಾತಿ ಕೇಳಿಕೊಳ್ಳುವುದು ಒಳ್ಳೆಯದು. ಡ್ಯಾಂ ಆದರೆ ಎಷ್ಟು ಟಿಎಂಸಿ ಇದೆ ಎಂಬುದು ಸರಿಯಾದ ಪ್ರಶ್ನೆ. ಆನಿಕಟ್ ಆದರೆ ಗೋಡೆ ಎಷ್ಟು ಎತ್ತರ, ಕಾಲುವೆಯ ಹೂಳು ಎಷ್ಟು ಎಂದು ಕೇಳಬೇಕು. ಬ್ಯಾರೇಜ್ ಆದರೆ ಈ ಎರಡೂ ಪ್ರಶ್ನೆ ಸಾಲವು. ಇವತ್ತು ಎಷ್ಟು ಗೇಟು ಎತ್ತಿದ್ದಾರೆ, ಯಾರ ಅಪ್ಪಣೆಯಿಂದ, ಕೆಳಗಿನ ಊರುಗಳಿಗೆ ಎಷ್ಟು ಗಂಟೆ ಮುಂಚೆ ತಿಳಿಸಿದರು ಎಂದು ಕೇಳಬೇಕು. ಕರಾವಳಿಯ ಹಳ್ಳಿಯಲ್ಲಿ ಹಲಗೆ ಹಾಕುವ ದಿನ ಎಲ್ಲರಿಗೂ ಗೊತ್ತಿರುತ್ತದೆ, ಯಾಕೆಂದರೆ ಹಾಕುವವರು ಅವರೇ. ಕೃಷ್ಣೆ, ಭೀಮೆ, ತುಂಗಭದ್ರೆಯ ಬ್ಯಾರೇಜುಗಳಲ್ಲಿ ಗುಂಡಿ ಒತ್ತುವವರು ಬೇರೆ, ನೀರಿಗೆ ಕಾಯುವವರು ಬೇರೆ, ನೀರಿಗೆ ಹೆದರುವವರು ಬೇರೆ, ಹಲವು ಸಲ ರಾಜ್ಯವೂ ಬೇರೆ. ಗೇಟು ಎತ್ತುವ, ಇಳಿಸುವ ಹೊತ್ತನ್ನು ಎರಡೂ ದಂಡೆಯ ಪಂಚಾಯಿತಿ ಕಟ್ಟೆಗಳಲ್ಲಿ ಕನ್ನಡ, ತೆಲುಗು ಎರಡರಲ್ಲೂ ಬರೆದು ಹಾಕಲು ಹೊಸ ನ್ಯಾಯಮಂಡಳಿ ಬೇಕಿಲ್ಲ. ಒಂದು ಹಲಗೆ, ಒಂದು ಡಬ್ಬಿ ಬಣ್ಣ, ಎರಡು ಇಲಾಖೆಗಳ ನಡುವೆ ಒಂದು ಫೋನು ಸಾಕು.